ಹದಿನೇಳನೇ ನಂಬರ್ ಪಿಕ್ಚರ್

"ನಿಲ್ಸಮ್ಮ! ಅಲ್ಲೇ, ಅಲ್ಲೇ ನಿಲ್ಸು!"

ಉಚ್ಚಂಗಮ್ಮ ಕೂಗಿದ ಕೂಗಿಗೆ ಕವನಾ ಕೈಲಿದ್ದ ರಿಮೋಟು ಜಾರಿ ಸೋಫಾ ಕೆಳಗೆ ಹೋಯ್ತು. ಅದನ್ನ ತಡಕಿ ತೆಗೆಯೋ ಅಷ್ಟರಲ್ಲಿ ಪಿಕ್ಚರ್ ಎಲ್ಲಿಗೋ ಓಡಿತ್ತು. ಮತ್ತೆ ಹಿಂದಕ್ಕೆ ತಂದ್ರು.

ಭದ್ರಾವತಿ ನ್ಯೂ ಟೌನಿನ ಹಳೇ ಕ್ವಾರ್ಟರ್ಸ್ ಮನೆ ಅದು. ಟೀವಿ ಚೆನ್ನಾಗಿ ಕಾಣ್ಲಿ ಅಂತ ಮಟಮಟ ಮಧ್ಯಾಹ್ನ ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ರು. ಒಳಗೆ ಸೆಕೆ ಅಂದ್ರೆ ಸೆಕೆ. ಫ್ಯಾನು ತಿರುಗ್ತಿತ್ತು, ಗಾಳಿ ಮಾತ್ರ ಇರ್ಲಿಲ್ಲ.

ಒಂಬತ್ತು ವರ್ಷದ ಹಿಂದೆ ಹೊಳಲೂರಲ್ಲಿ ಶೂಟಿಂಗ್ ನೋಡೋಕೆ ಅಂತ ಹೋದ ರಕ್ಷಾ ಅನ್ನೋ ಹುಡುಗಿ ಮನೆಗೆ ವಾಪಸ್ ಬರ್ಲಿಲ್ಲ, ಆ ಪಿಕ್ಚರ್ರು ಈಗ ಕೈಗೆ ಸಿಕ್ಕಿದೆ. ಹಿಂದಿನ ಕಥೆ ಇಷ್ಟೇ.

ಟೀವಿ ಮೇಲೆ ಹೊಳೆದಂಡೆ. ದಂಡೆ ತುಂಬ ಜನ. ಮಡುವಲ್ಲಿ ಸಿಕ್ಕಾಕೊಂಡ ಎಮ್ಮೆ ಒಂದನ್ನ ಊರಿಗೆ ಊರೇ ಬಾಯ್ಬಿಟ್ಕೊಂಡು ನೋಡ್ತಾ ನಿಂತಿದೆ. ಒಬ್ಳು ಮಾತ್ರ ಎಮ್ಮೆ ನೋಡ್ತಿಲ್ಲ. ಹಳದಿ ಚೂಡಿದಾರ, ತಲೆ ಮುಚ್ಚಿದ ಹಳದಿ ವೇಲು. ನೆಟ್ಟಗೆ ಕ್ಯಾಮೆರಾನೇ ನೋಡ್ತಾ ಇದಾಳೆ.

"ನನ್ ಮಗಳು," ಅಂದ್ರು ತುಂಗಮ್ಮ. ಅಷ್ಟೇ. ಅಳ್ಲಿಲ್ಲ, ಕೂಗ್ಲಿಲ್ಲ. ಸೆರಗಿನ ತುದಿನ ಬಾಯಿಗೆ ಒತ್ತಿ ಹಿಡ್ಕೊಂಡ್ರು.

ಅವರ ಪಕ್ಕದಲ್ಲಿ ಮಗ ಜಯಕುಮಾರ್ ಕೂತಿದ್ದ. ಅಮ್ಮನ ಬೆನ್ನ ಮೇಲೆ ಕೈ ಇಟ್ಟಿದ್ದ. ಎಂಥ ಮಗ ಅಂತೀರಿ! ಅಮ್ಮನ ಮಾತ್ರೆ, ನೀರಿನ ಬಾಟ್ಲು, ಕಾಲಿಗೊಂದು ಸಣ್ಣ ಸ್ಟೂಲು, ಎಲ್ಲಾ ಕಾರಲ್ಲಿ ಹಾಕ್ಕೊಂಡೇ ಹೊರಡೋನು. ಉಚ್ಚಂಗಮ್ಮನ ಮನೆ ಬಾಗಿಲು ತಟ್ಟಿ "ನನ್ ತಂಗಿನ ಹುಡುಕ್ಕೊಡಿ ಮೇಡಂ" ಅಂತ ಕೈ ಮುಗಿದಿದ್ದೂ ಅವನೇ.

"ಅದೇ ದಿನದ್ದು ಮೇಡಂ," ಅಂದ ಜಯಕುಮಾರ್. "ಅದೇ ಬಟ್ಟೆ. ಕಂಪ್ಲೇಂಟಲ್ಲೂ ಬರೆಸಿದ್ವಲ್ಲ, ಹಳದಿ ಚೂಡಿದಾರ ಅಂತ. ಕ್ಯಾಟಲಾಗಲ್ಲಿ ಇದ್ದಿದ್ದೂ ಇದೇ ಫೋಟೋ. ಹೊಸದೇನಿಲ್ಲ ಇದ್ರಲ್ಲಿ."

"ಫೋಟೋ ಅಲ್ಲಾಡಲ್ಲ ಜಯಕುಮಾರ್. ಇದು ಅಲ್ಲಾಡತ್ತೆ. ಪೂರ್ತಿ ನೋಡಣ. ಬಿಡಮ್ಮ ಕವನಾ."

ಪಿಕ್ಚರ್ ಓಡ್ತು. ಶಾಟು ಬದಲಾಗಿ ಅದೇ ಹುಡುಗಿ ಹತ್ರದಿಂದ ಕಂಡ್ಲು. ಹೊಳೆ ಕಡೆಯಿಂದ ಒಂದು ಗಾಳಿ ಬೀಸ್ತು. ಜನರ ಪಂಚೆ, ಸೆರಗು ಪಟಪಟ ಅಂದ್ವು. ಹುಡುಗಿ ತಲೆ ಮೇಲಿನ ವೇಲು ಜಾರ್ತು. ಅವಳು ಅದನ್ನ ಹಿಡ್ಕೊಳ್ಳೋಕೆ ಹಿಂದಕ್ಕೆ ತಿರುಗಿದ್ಲು. ಬೆನ್ನ ಮೇಲೆ ಗೇಣುದ್ದದ ಜಡೆ ಆಡ್ತು.

ಅಷ್ಟೇ. ಕಣ್ಣು ಮಿಟುಕಿದ್ರೆ ತಪ್ಪಿಹೋಗೋ ಅಷ್ಟು.

ತುಂಗಮ್ಮ ಎದ್ದು ನಿಂತ್ರು. ಮಂಡಿ ನೋವಿನ ಹೆಂಗಸು ಯಾರ ಕೈನೂ ಹಿಡೀದೆ ಎದ್ದು ನಿಂತ್ರು. ಟೀವಿ ಹತ್ರ ಹೋಗಿ, ಗಾಜಿನ ಮೇಲೆ ಬೆರಳಿಟ್ರು.

"ಈ ಜಡೆ ಎಲ್ಲಿಂದ ಬಂತು?"

"ಏನಮ್ಮ?" ಅಂದ್ಲು ಕವನಾ.

"ಜಡೆ ಕಣವ್ವ, ಜಡೆ! ಟೈಫಾಯ್ಡ್ ಆಗಿ ಸಾಯೋ ಹಂಗಾಗಿದ್ಲು. ಬದುಕಿದ್ರೆ ಮುಡಿ ಕೊಡ್ತೀನಿ ಅಂತ ದೇವ್ರಿಗೆ ಹೇಳ್ಕಂಡಿದ್ದೆ. ಕೊಡ್ಸಿದ್ದೆ. ನುಣ್ಣಗೆ ಬೋಳ್ಸಿದ್ರು. ಅವತ್ತು ಮನೆ ಬಿಟ್ಟು ಹೋಗೋವಾಗ ತಲೆ ಮೇಲೆ ಹುಲ್ಲು ಮೊಳೆತಂಗೆ ಇತ್ತು ಕೂದ್ಲು. ನಾಚಿಕೆ ಅಂತಾನೇ ವೇಲು ಹೊದ್ಕಂಡು ಹೋಗಿದ್ಲು." ಉಸಿರು ಎಳ್ಕೊಂಡ್ರು. "ಇಷ್ಟುದ್ದ ಬೆಳೀಬೇಕಾದ್ರೆ ಎಷ್ಟು ದಿನ ಬೇಕು? ಎರಡು ವರ್ಷ ಬ್ಯಾಡ್ವಾ? ಎರಡು ವರ್ಷ ಆದಮೇಲೂ ನನ್ ಮಗಳು ಅದಾಳೆ! ಉಸಿರಾಡ್ಕಂಡು ನಿಂತ್ಕಂಡಾಳೆ!"

ಠಣ್ ಅಂತ ಸದ್ದಾಯ್ತು. ಜಯಕುಮಾರ್ ಕೈಯಿಂದ ಕಾರಿನ ಕೀ ಗೊಂಚಲು ಕೆಳಗೆ ಬಿದ್ದಿತ್ತು. ಅವನು ಬಗ್ಗಿ ಎತ್ಕೊಳ್ಳೋಕೆ ತಡ ಮಾಡ್ದ. ಎದ್ದಾಗ ಮುಖ ಸುಣ್ಣ ಬಳಿದ ಗೋಡೆ.

"ಒಂದ್ನಿಮಿಷ ಗಾಳಿಗೆ ಹೋಗ್ಬರ್ತೀನಿ," ಅಂದೋನೇ ಹೊರಗೆ ಹೋದ.

ಪಾಪ, ಸತ್ತೇಹೋದ್ಲು ಅಂದ್ಕೊಂಡಿದ್ದ ತಂಗಿ. ಎದೆ ಒಡೀದೇ ಇರತ್ತಾ? ಉಚ್ಚಂಗಮ್ಮ ಹಂಗಂದ್ಕೊಂಡ್ಲು. ಸ್ಟೇಷನ್ನಲ್ಲಿ ಇಡೀ ಆಯಸ್ಸು ಕಳೆದು ಎಎಸ್ಐ ಆಗಿ ರಿಟೈರ್ ಆದ ಹೆಂಗಸು, ಕಳ್ಳರ ಮುಖ ನೋಡಿ ನೋಡಿ ಕಣ್ಣು ಸವೆಸ್ಕೊಂಡೋಳು. ಆದ್ರೂ ಅವತ್ತು ಅವಳ ಕಣ್ಣೆಲ್ಲಾ ಆ ತಾಯಿ ಮೇಲೇ ಇತ್ತು.

ಕವನಾ ಇಲ್ಲಿನ ಮಹಿಳಾ ಸಮಾಜದ ಸೆಕ್ರೆಟರಿ. ಯಾವಾಗ್ಲೋ ಸಮಾಜದಲ್ಲಿ ತೋರಿಸೋಕೆ ಅಂತ ತರಿಸಿದ್ದ ಡಿಸ್ಕು, ವಾಪಸ್ ಕಳ್ಸೋದು ಮರ್ತು ಶೋಕೇಸಲ್ಲಿ ಬೊಂಬೆ ಹಿಂದೆ ಬಿದ್ದಿತ್ತು. ಅವಳು ಮರ್ತಿದ್ದೇ ಒಳ್ಳೇದಾಯ್ತು. ಯಾಕಂದ್ರೆ ಈ ಪಿಕ್ಚರ್ರು ಬೇರೆಲ್ಲೂ ಇಲ್ಲ.

ಅದೂ ಸ್ವಲ್ಪ ಹೇಳ್ಬೇಕು. ಶಿವಮೊಗ್ಗ ರವೀಂದ್ರನಗರದಲ್ಲಿ ದೇವರಾಜ್ ಅನ್ನೋನು ನಡೆಸೋ ಜಗದಾಂಬಾ ಪಿಕ್ಚರ್ಸ್ ಅಂತ ಒಂದು ಕಂಪ್ನಿ. ದೊಡ್ಡ ಥಿಯೇಟರ್‌ನೋರು ಬಾಗ್ಲಲ್ಲೇ ವಾಪಸ್ ಕಳ್ಸೋ ಸಣ್ಣಪುಟ್ಟ ಪಿಕ್ಚರ್‌ಗಳನ್ನ ಇವ್ರು ತಗೊಂಡು ಸ್ಕೂಲು, ಕಾಲೇಜು, ಸಂಘಗಳಿಗೆ ಕೊಡ್ತಾರೆ. ಅದಕ್ಕೊಂದು ಕ್ಯಾಟಲಾಗು. ಒಂದೊಂದು ಪಿಕ್ಚರ್‌ಗೆ ಒಂದೊಂದು ಪುಟ, ಒಂದು ಫೋಟೋ, ನಾಲ್ಕು ಸಾಲು ಕಥೆ, ಮೇಲೊಂದು ನಂಬರ್. ಜನ ಹೆಸರು ಹೇಳಲ್ಲ, ಫೋನ್ ಮಾಡಿ "ಇಪ್ಪತ್ತೆರಡು ಕಳ್ಸಿ ಸಾರ್" ಅಂತಾರೆ ಅಷ್ಟೇ. ಡಬ್ಬಿ ಮೇಲೂ ಅದೇ ನಂಬರ್.

ಹದಿನೇಳು ಅಂದ್ರೆ 'ಎಮ್ಮೆ ಮತ್ತು ಮಡು,' ದೇವರಾಜ್ ತಾನೇ ತೆಗೆದ ಪಿಕ್ಚರ್. ಹೊಳಲೂರ ಸ್ಕೂಲಿಗೆ ಯಾವ್ದೋ ಪಿಕ್ಚರ್ ಜೊತೆ ಬಂದ ಕ್ಯಾಟಲಾಗಲ್ಲಿ ತುಂಗಮ್ಮ ಆ ಫೋಟೋ ನೋಡಿದ್ರು. ಮಗನ್ನ ಕರ್ಕೊಂಡು ಆಫೀಸಿಗೆ ಓಡಿದ್ರು. "ಆ ಪಿಕ್ಚರ್ ನಮ್ಮತ್ರ ಇಲ್ಲಮ್ಮ" ಅಂದ್ರಂತೆ. ಆಮೇಲೆ ಬಂದ ಹೊಸ ಕ್ಯಾಟಲಾಗಲ್ಲಿ ಹದಿನಾರು ಆದ್ಮೇಲೆ ಹದಿನೆಂಟು. ಮಧ್ಯದ್ದು ಮಾಯ. ನಂಬರ್ ಬದಲಾಯ್ಸಿದ್ರೆ ಕೇಳೋ ಜನಕ್ಕೆಲ್ಲ ಗೊಂದಲ ಅಂತ ಜಾಗ ಹಂಗೇ ಬಿಟ್ಟಿದ್ರು. ಕಿತ್ತ ಹಲ್ಲಿನ ಜಾಗ ಇರತ್ತಲ್ಲ, ಹಂಗೆ.

"ನಡೀರಿ ರವೀಂದ್ರನಗರಕ್ಕೆ," ಅಂದ್ಲು ಉಚ್ಚಂಗಮ್ಮ.

ಕಾರಲ್ಲಿ ತುಂಗಮ್ಮ ಒಂದೇ ಸಮ ಮಾತು. ಮಗಳು ಸೊಪ್ಪಿನ ಸಾರು ತಿಂತಿರ್ಲಿಲ್ಲ, ಪುಸ್ತಕ ಹಿಡಿದ್ರೆ ಹಾಲು ಉಕ್ಕಿದ್ರೂ ಏಳ್ತಿರ್ಲಿಲ್ಲ. ಒಂಬತ್ತು ವರ್ಷದಿಂದ "ಇದ್ಲು" ಅಂತಿದ್ದ ಬಾಯಿಗೆ "ಅದಾಳೆ" ಅನ್ನೋ ಮಾತು ಸಿಕ್ಕಿತ್ತು. ಬಿಡ್ಲೇ ಇಲ್ಲ.

ಜಯಕುಮಾರ್ ಕಾರು ಓಡಿಸ್ತಿದ್ದ. ತುಂಗಾ ಸೇತುವೆ ದಾಟೋವಾಗ ಒಂದೇ ಒಂದು ಮಾತು ಕೇಳ್ದ.

"ಅವ್ಳೆಲ್ಲಿದಾಳೆ ಅಂತ ಆ ದೇವರಾಜಂಗೆ ಗೊತ್ತಿರತ್ತಾ ಮೇಡಂ?"

"ಗೊತ್ತಿಲ್ದೆ ಪುಟ ಹರಿದು ಹಾಕ್ತಾನಾ?"

ಆಫೀಸ್ ಇರೋದು ಒಂದು ಹಿಟ್ಟಿನ ಗಿರಣಿ ಮೇಲೆ. ಮೆಟ್ಲು ಕಡಿದಾಗಿದೆ. ತುಂಗಮ್ಮಂಗೆ ಹತ್ತೋಕಾಗಲ್ಲ.

"ಅವ್ವಾ ಉಚ್ಚಂಗವ್ವ," ಅಂದ್ರು ಕಾರಿನ ಕಿಟಕೀಲಿ ಕೈ ಹಿಡ್ಕೊಂಡು. "ಅವ್ನು ಏನ್ ಹೇಳ್ತಾನೋ ಅದನ್ನ ನನ್ ಕಿವೀಲೇ ಕೇಳ್ಬೇಕು ಕಣವ್ವ. ನೀನು ಬಂದು ಹೇಳೋವರ್ಗೂ ನಂಗೆ ಜೀವ ನಿಲ್ಲಲ್ಲ."

ಆ ಮುಖ ನೋಡಿ ಯಾರು ಇಲ್ಲ ಅಂತಾರೆ? ಉಚ್ಚಂಗಮ್ಮ ತನ್ನ ಫೋನಿಂದ ಜಯಕುಮಾರ್ ಫೋನಿಗೆ ಕಾಲ್ ಮಾಡಿದ್ಲು. ಅವನು ಸ್ಪೀಕರ್ ಹಾಕಿ ಅಮ್ಮನ ಮಡಿಲಲ್ಲಿ ಇಟ್ಟ. ಇವಳು ತನ್ನ ಫೋನನ್ನ ಹಂಗೇ ವ್ಯಾನಿಟಿ ಬ್ಯಾಗಿನ ಮೇಲಿನ ಜೇಬಿಗೆ ಸೇರಿಸಿದ್ಲು.

"ನಾನು ಅಲ್ಲೊಂದು ಟೀ ಕುಡ್ದು ಬರ್ತೀನಿ ಮೇಡಂ. ತಲೆ ಸಿಡೀತಿದೆ," ಅಂದ ಜಯಕುಮಾರ್. ರಸ್ತೆ ದಾಟಿ ಟೀ ಅಂಗಡಿಗೆ ಹೋಗಿದ್ದನ್ನ ನೋಡೇ ಉಚ್ಚಂಗಮ್ಮ ಮೆಟ್ಲು ಹತ್ತಿದ್ದು.

ಮೇಲೆ ದೇವರಾಜ್ ಒಬ್ಬನೇ ಇದ್ದ. ನಲವತ್ತು ದಾಟಿದ ಆಸಾಮಿ, ನರೆತ ಗಡ್ಡ, ಗಿರಣಿ ಹಿಟ್ಟು ಕೂತು ಕನ್ನಡಕ ಮಂಜಾಗಿತ್ತು. ಗೋಡೆ ತುಂಬ ಪೋಸ್ಟರ್. ರ‍್ಯಾಕಲ್ಲಿ ನಂಬರ್ ಬರೆದ ಡಬ್ಬಿಗಳು. ಹದಿನೇಳರ ಜಾಗದಲ್ಲಿ ಒಂದು ಮನಿ ಪ್ಲಾಂಟ್ ಕೂತಿತ್ತು.

"ಗಿಡ ಚೆನ್ನಾಗಿದೆ," ಅಂದ್ಲು ಉಚ್ಚಂಗಮ್ಮ, ಕೇಳ್ದೇ ಕುರ್ಚಿ ಎಳ್ಕೊಂಡು. "ಹದಿನೇಳು ಕೊಡಿ."

"ಅದರ ರೈಟ್ಸ್ ಮುಗೀತು ಮೇಡಂ. ಆಗ್ಲೇ ಹೇಳಿದ್ನಲ್ಲ ಆ ಅಮ್ಮಂಗೆ."

"ಡೈರೆಕ್ಷನ್ ಮಾಡಿರೋನು ನೀನು. ದುಡ್ಡು ಹಾಕಿರೋನು ನೀನು. ರೈಟ್ಸು ಯಾರ ಹತ್ರ ಮುಗೀತು ಮಾರಾಯ? ನಿನ್ ಹತ್ರ ನೀನೇ ಮಾತು ಬಿಟ್ಟಿದೀಯಾ?"

ದೇವರಾಜ್ ಕನ್ನಡಕ ತೆಗೆದು ಒರೆಸ್ಕೊಂಡ.

"ಪಿಕ್ಚರ್ ನೋಡ್ಕೊಂಡೇ ಬಂದಿದೀನಿ. ಭದ್ರಾವತೀಲಿ ಒಂದು ಡಿಸ್ಕ್ ಉಳ್ಕೊಂಡಿತ್ತು."

ಒರೆಸೋ ಕೈ ನಿಂತ್ಹೋಯ್ತು.

"ಹಳದಿ ಚೂಡಿದಾರದ ಹುಡುಗಿ. ಮೊದ್ಲನೇ ಶಾಟಲ್ಲಿ ವೇಲು ಹೊದ್ದಿದಾಳೆ, ಅದು ಹೊಳಲೂರದ್ದು. ಆಮೇಲಿನ ಶಾಟು ಬೇರೆ ದಂಡೇಲಿ, ಬೇರೆ ಜನರ ಮಧ್ಯೆ ತೆಗೆದಿದ್ದು, ಅದ್ರಲ್ಲಿ ವೇಲು ಜಾರತ್ತೆ, ಬೆನ್ನ ಮೇಲೆ ಜಡೆ. ಮನೆ ಬಿಟ್ಟ ದಿನ ಆ ಹುಡುಗಿ ತಲೇಲಿ ಕೂದ್ಲೇ ಇರ್ಲಿಲ್ಲ."

"ಚೌರಿ ಹಾಕಿರ್ತೀವಿ ಮೇಡಂ. ಪಿಕ್ಚರ್ ಅಂದ್ರೆ ಹಂಗೇ."

"ಜನರ ಗುಂಪಲ್ಲಿ ಹಿಂದೆ ನಿಂತೋಳಿಗೆ ಚೌರಿ? ನಿನ್ ಹೀರೋದೇ ಬಕ್ಕ ತಲೆ ಮಿಂಚ್ತಿದೆ, ಅದಕ್ಕೊಂದು ಟೋಪಿ ಕೊಡ್ಸೋ ಗತಿ ಇರ್ಲಿಲ್ಲ ನಿಂಗೆ!"

ಮನುಷ್ಯ ಅಷ್ಟು ಭಯದಲ್ಲೂ ಒಂಚೂರು ನಕ್ಬಿಟ್ಟ. ನಕ್ಕ ಮೇಲೆ ಸುಳ್ಳು ಹೇಳೋದು ಕಷ್ಟ. ಉಚ್ಚಂಗಮ್ಮಂಗೆ ಗೊತ್ತಿತ್ತು, ಅಲ್ಲೇ ಕುರ್ಚಿ ಮುಂದಕ್ಕೆ ಎಳೆದ್ಲು.

"ನಾನು ಶೂಟಿಂಗ್ ಬಂದೋಬಸ್ತಿಗೆ ನಿಂತೋಳು ದೇವರಾಜ. ದುಡ್ಡು ಮುಗಿದ್ರೆ ನಿಮ್ಮೋರು ನಿಲ್ಸ್ತಾರೆ. ದುಡ್ಡು ಸಿಕ್ಕಿದ ಮೇಲೆ ಉಳಿದಿದ್ದನ್ನ ಪ್ಯಾಚ್‌ವರ್ಕ್ ಅಂತ ತೆಗೀತಾರೆ. ಆಗ ಗುಂಪಲ್ಲಿ ಎದ್ದು ಕಂಡೋರಿಗೆ ಹೇಳಿ ಕಳ್ಸ್ತಾರೆ, ಅವತ್ತಿನ ಬಟ್ಟೇನೇ ಹಾಕ್ಕೊಂಡು ಬನ್ನಿ ಅಂತ. ನೋಡೋರಿಗೆ ಎರಡೂ ಒಂದೇ ದಿನ ಅನ್ನಿಸ್ಬೇಕಲ್ಲ. ಊರೆಲ್ಲ ಹುಡುಕ್ತಿದ್ದ ಹುಡುಗಿಗೆ ನೀನು ಹೇಳಿ ಕಳ್ಸಿದೀಯ. ಅವಳು ಬಂದಿದಾಳೆ. ಹಂಗಾದ್ರೆ ಅವಳೆಲ್ಲಿದ್ಲು ಅಂತ ನಿಂಗೆ ಗೊತ್ತಿತ್ತು."

ಕೆಳಗೆ ಗಿರಣಿ ಗರಗರ ಅಂತಿತ್ತು. ಮೇಜು ಸಣ್ಣಗೆ ನಡುಗ್ತಿತ್ತು.

"ಏನ್ ಮಾಡ್ದೆ ಆ ಹುಡುಗೀನ?"

"ನಾನೇನೂ ಮಾಡಿಲ್ಲ!" ಎದ್ದೇಬಿಟ್ಟ. "ನಾನ್... ಮೇಡಂ, ನಾನು ಅವಳಿಗೆ ಒಂದು ಟವೆಲ್ ಕೊಟ್ಟೆ. ಅಷ್ಟೇ ನಾನು ಮಾಡಿದ್ದು."

"ಟವೆಲ್ಲಾ?"

"ಅವಳು ಬದುಕಿದಾಳೆ. ಚೆನ್ನಾಗಿದಾಳೆ. ಇಷ್ಟು ಸಾಕಲ್ಲ? ಹೋಗಿ ಆ ಅಮ್ಮಂಗೆ ಇಷ್ಟೇ ಹೇಳಿ. ಇನ್ನೇನೂ ಕೇಳ್ಬೇಡಿ."

ಕೆಳಗೆ ಕಾರಲ್ಲಿ ಆ ತಾಯಿ ಈ ಮಾತು ಕೇಳಿದ್ಲಲ್ಲ, ಸಾಕು, ಜನ್ಮ ಸಾರ್ಥಕ ಅನ್ನಿಸ್ತು ಉಚ್ಚಂಗಮ್ಮಂಗೆ. ಅಲ್ಲಿಗೇ ಕಾಲ್ ಕಟ್ ಮಾಡಿದ್ರೆ ಈ ಕಥೆ ಬೇರೆ ಥರ ಆಗ್ತಿತ್ತು. ಮಾಡ್ಲಿಲ್ಲ.

"ಆ ತಾಯಿಗೆ ಮುಖ ನೋಡ್ಬೇಕು ದೇವರಾಜ. 'ಚೆನ್ನಾಗಿದಾಳೆ' ಅಂತ ಬೇರೆಯೋರು ಹೇಳಿದ್ರೆ ಹೊಟ್ಟೆ ತುಂಬಲ್ಲ. ನಿಂಗೆ ತಾಯಿ ಇಲ್ವಾ?"

"ಇಲ್ಲ. ಚಿಕ್ಕಮ್ಮ ಸಾಕಿದ್ದು. ಅವರ ಹೆಸರೇ ಕಂಪ್ನಿಗೆ ಇಟ್ಟಿರೋದು." ಕನ್ನಡಕ ಮತ್ತೆ ಹಾಕ್ಕೊಂಡ. "ಒಂದು ಮಾತು ಕೊಡಿ. ಅಮ್ಮನ್ನ ಮಾತ್ರ ಕರ್ಕೊಂಡು ಹೋಗ್ಬೇಕು. ನೀವಿಬ್ರೇ. ಬಸ್ಸಲ್ಲಿ. ಮಗ ಬರಬಾರ್ದು."

ಉಚ್ಚಂಗಮ್ಮನ ಕೈ ಬ್ಯಾಗಿನ ಕಡೆ ಹೋಯ್ತು. ಫೋನು ತುಂಗಮ್ಮನ ಮಡಿಲಲ್ಲಿದೆ. ಮಗ ಟೀ ಅಂಗಡೀಲಿದಾನೆ. ತಾನೇ ಕಣ್ಣಾರೆ ನೋಡಿದಾಳೆ. ಕೈ ವಾಪಸ್ ತಗೊಂಡ್ಲು.

"ಮಾತು ಕೊಟ್ಟೆ."

"ಭದ್ರಾವತಿ ನ್ಯೂ ಟೌನು. ನೀವು ಡಿಸ್ಕ್ ನೋಡಿದ್ದು ಕವನಾ ಮೇಡಂ ಮನೇಲಿ ಅಲ್ವಾ? ಅದರ ಹಿಂದಿನ ಸಾಲು. ಬಾಗ್ಲಲ್ಲಿ ಸಂಪಿಗೆ ಮರ ಇರೋ ಮನೆ. ನಮ್ಮ ಜಗದಾಂಬಾ ಚಿಕ್ಕಮ್ಮನ ಜೊತೆ ಇದಾಳೆ. ಅಲ್ಲಿ ಅವಳ ಹೆಸರು ಲಿಖಿತಾ."

ಲಿಖಿತಾ. ಈ ಹೆಸರು ಎಲ್ಲೋ ನೋಡಿದೀನಲ್ಲ ಅನ್ನಿಸ್ತು ಉಚ್ಚಂಗಮ್ಮಂಗೆ. ಬ್ಯಾಗಿಂದ ಹಳೇ ಕ್ಯಾಟಲಾಗ್ ತೆಗೆದ್ಲು. ಹಿಂದಿನ ರಟ್ಟಿನ ಮೇಲೆ ಸಣ್ಣಕ್ಷರ: ಬರವಣಿಗೆ, ಲಿಖಿತಾ.

"ಇದನ್ನೆಲ್ಲ ಬರೆಯೋಳು ಅವಳೇನಾ?"

"ಪ್ರತಿ ಪುಟಾನೂ. ಪಿಕ್ಚರ್ ನೋಡ್ತಾಳೆ, ನಾಲ್ಕು ಸಾಲು ಬರೀತಾಳೆ, ಫೋಟೋ ಆರಿಸ್ತಾಳೆ. ಹದಿನೇಳಕ್ಕೆ ತನ್ನ ಫೋಟೋನೇ ಹಾಕಿದ್ಲು. ನಾನು ಎಮ್ಮೆ ಫೋಟೋ ಇತ್ತಲ್ಲೇ ಮಾರಾಯ್ತಿ ಅಂದೆ. 'ಅಣ್ಣ, ಇದು ಹೊಳಲೂರ ಸ್ಕೂಲಿಗೂ ಹೋಗ್ಲಿ. ನಮ್ಮಮ್ಮ ನೋಡಿದ್ರೆ ನಾನಿದೀನಿ ಅಂತ ಗೊತ್ತಾಗತ್ತೆ' ಅಂದ್ಲು. ಫೋಟೋ ನೋಡಿದ ಅಮ್ಮ ಪಿಕ್ಚರ್ರೂ ತರಿಸಿ ನೋಡ್ತಾರೆ, ಅದ್ರಲ್ಲಿ ಜಡೆ ಕಾಣತ್ತೆ ಅಂದ್ಕೊಂಡಿದ್ಲು. ಫೋಟೋದಲ್ಲಿ ವೇಲು ಮುಚ್ಚಿತ್ತಲ್ಲ."

"ಮತ್ತೆ ಅಮ್ಮ ಬಂದಾಗ ಯಾಕೆ ಹೇಳ್ಲಿಲ್ಲ?"

"ಒಬ್ರೇ ಬಂದಿದ್ರೆ ಕಾಲಿಗೆ ಬಿದ್ದು ಹೇಳ್ತಿದ್ದೆ." ದೇವರಾಜ್ ದನಿ ಇಳೀತು. "ಕೈ ಹಿಡ್ಕೊಂಡು ಮಗ ನಿಂತಿದ್ದ."

ಬಗ್ಗಿ ಬಗ್ಗಿ ಕೀ ಗೊಂಚಲು ಹುಡುಕ್ತಿದ್ದ ಜಯಕುಮಾರನ ಬೆನ್ನು ಉಚ್ಚಂಗಮ್ಮನ ಕಣ್ಮುಂದೆ ಬಂತು.

"ಅವತ್ತು ಶೂಟಿಂಗ್ ಮುಗ್ಸಿ ನಾವು ಕೆಳಗಿನ ದಂಡೇಲಿ ಸಾಮಾನು ಕಟ್ತಿದ್ವಿ. ನೀರಿಂದ ಎದ್ದು ಬಂದ್ಲು ಮೇಡಂ. ಹಲ್ಲು ಕಟಕಟ ಅಂತಿತ್ತು. ನಾನು ಟವೆಲ್ ಕೊಟ್ಟೆ. ಯಾವ್ದೋ ಹುಡುಗನ ಜೊತೆ ನಿಂತು ಮಾತಾಡಿದ್ದಕ್ಕೆ, ಮಾನ ಕಳೀತೀಯ ಅಂತ, ಅಣ್ಣ ಬಂಡೆ ಮೇಲಿಂದ ನೂಕಿದ್ನಂತೆ. ಮಡುವಿಗೆ. ತಿರುಗಿ ಕೂಡ ನೋಡ್ದೆ ಹೋದ್ನಂತೆ. 'ಗೆಳತೀರ ಜೊತೆ ಕದ್ದು ಈಜು ಕಲಿತಿದ್ದೆ, ಅಣ್ಣಂಗೆ ಗೊತ್ತಿಲ್ಲ' ಅಂದ್ಲು. ಸ್ಟೇಷನ್‌ಗೆ ಹೋಗಣ ಅಂದೆ. ಬೇಡ, ಅವನು ಜೈಲಿಗೆ ಹೋದ್ರೆ ಅಮ್ಮನ್ನ ನೋಡ್ಕೊಳ್ಳೋರ್ಯಾರು ಅಂದ್ಲು. ಸತ್ತಂಗೇ ಇದ್ಬಿಡ್ತೀನಿ ಅಂದ್ಲು."

ಒಂಬತ್ತು ವರ್ಷ ಆ ಜಯಕುಮಾರ್ ಅಮ್ಮನ ಕಣ್ಣೊರೆಸಿದ್ದು, ಮಾತ್ರೆ ಕೊಟ್ಟಿದ್ದು, ಹುಡುಕೋಕೆ ಊರೂರು ತಿರುಗಿದ್ದು, ಎಲ್ಲಾ ತಂಗಿ ಸತ್ತಿದಾಳೆ ಅನ್ನೋ ಧೈರ್ಯದ ಮೇಲೆ. ಆ ಫೋಟೋ ನೋಡಿ ಹೆದರದೇ ಇದ್ದಿದ್ದೂ ಅದಕ್ಕೇ. ಹೆದರಿದ್ದು ಜಡೆಗೆ.

ಉಚ್ಚಂಗಮ್ಮ ಬ್ಯಾಗಿನ ಜೇಬಿಗೆ ಕೈ ಹಾಕಿದ್ಲು. ಕಾಲ್ ಇನ್ನೂ ಓಡ್ತಾನೇ ಇತ್ತು.

"ಹಲೋ? ತುಂಗಮ್ಮೋರೆ? ತುಂಗಮ್ಮೋರೆ?"

ಗಾಳಿ ಸದ್ದು. ಬಸ್ಸಿನ ಹಾರನ್ ಒಂದು ಹತ್ರ ಬಂದು ದೂರ ಹೋಯ್ತು.

"ಯಾರ್ ಜೊತೆ ಮಾತಾಡ್ತಿದೀರಿ?" ಅಂದ ದೇವರಾಜ್. ಆಮೇಲೆ ಫೋನ್ ನೋಡ್ದ. "ಅಯ್ಯೋ ಮೇಡಂ. ಅಯ್ಯೋ ಮೇಡಂ, ಏನ್ ಮಾಡಿದ್ರಿ..."

"ಲಿಖಿತಾಗೆ ಫೋನ್ ಹಚ್ಚು! ಮನೆ ಬಿಟ್ಟು ಕವನಾ ಹತ್ರ ಹೋಗು ಅನ್ನು! ಮೊದ್ಲು ಹಚ್ಚು!"

ಮಂಡಿ, ವಯಸ್ಸು, ಕಡಿದಾದ ಮೆಟ್ಲು ಯಾವ್ದೂ ಲೆಕ್ಕಕ್ಕೆ ಬರ್ಲಿಲ್ಲ. ಗೋಡೆ ಹಿಡ್ಕೊಂಡು ದಡದಡ ಇಳಿದ್ಲು ಉಚ್ಚಂಗಮ್ಮ.

ಕಾರು ನಿಂತಿದ್ದ ಜಾಗದಲ್ಲಿ ಒಂದು ನಾಯಿ ಮಲಗಿತ್ತು.

ಗಿರಣಿ ಕಟ್ಟೆ ಮೇಲೆ ತುಂಗಮ್ಮ ಕೂತಿದ್ರು. ಪಕ್ಕದಲ್ಲಿ ನೀರಿನ ಬಾಟ್ಲು, ಕಾಲ ಕೆಳಗೆ ಆ ಸಣ್ಣ ಸ್ಟೂಲು. ಸೆರಗನ್ನ ಸರಿಯಾಗಿ ಹೊದ್ಕೊಂಡು, ಮುಂಗುರುಳಿಗೆ ನೀರು ಸವರಿ ತೀಡ್ಕೊಂಡಿದ್ರು, ನೆಂಟರು ಬರೋ ಮನೇಲಿ ಕೂತಂಗೆ. ಉಚ್ಚಂಗಮ್ಮನ್ನ ನೋಡಿ ಮುಖ ಅರಳ್ತು.

"ಸಂಪಿಗೆ ಮರದ ಮನೆ ಅಂತಲ್ಲವ್ವ! ನಾನೇ ಕೇಳಿಸ್ಕಂಡೆ. ಅಷ್ಟರಲ್ಲಿ ಟೀ ಕುಡ್ದು ಬಂದಿದ್ದ. ಮಗ ಬರಬಾರ್ದು ಅಂತಾನಲ್ಲೋ ಅಂದೆ, 'ಜಗಳ ಆಡ್ತೀನಿ ಅಂತ ಹೆದರ್ಕಂಡಾನೆ ಅಮ್ಮ' ಅಂದ. 'ಅಮ್ಮ, ನೀನು ಇಲ್ಲೇ ಕೂತಿರು, ನಾನು ಹೋಗಿ ತಂಗಿನ ಕರ್ಕಂಡು ಬರ್ತೀನಿ' ಅಂತ ಫೋನು ತಗಂಡು ಒಂದು ನಿಮಿಷಾನೂ ನಿಲ್ಲದೆ ಹೋದ." ಉಚ್ಚಂಗಮ್ಮನ ಕೈನ ಎರಡೂ ಕೈಲಿ ಹಿಡ್ಕೊಂಡ್ರು. "ಬಂಗಾರದಂಥ ಮಗ ಕಣವ್ವ ನಂದು."

ಮೇಲಿನ ಕಿಟಕಿಯಿಂದ ದೇವರಾಜ್ ತಲೆ ಹೊರಗೆ ಹಾಕ್ದ. ಕಿವಿಗೆ ಫೋನ್ ಒತ್ಕೊಂಡಿದ್ದ.

"ರಿಂಗ್ ಆಗ್ತಿದೆ ಮೇಡಂ," ಅಂತ ಕೂಗ್ದ. "ಎತ್ತುತ್ತಿಲ್ಲ!"